ಬಾಣಲೆಯ ಬಿಸಿಗೆ ಅಲುಗಿದ ಮುಳ್ಳು

ನನಗೆ ಆಗೆಲ್ಲ ಮೂಗಿನ ತುದಿಯಲ್ಲೇ ಕೋಪ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹೇಳಿದ್ದನ್ನೇ ಎರಡನೇ ಸಲ ಕೇಳಿದವರ ಮೇಲೆ ರೇಗುತ್ತಿದ್ದೆ. ಹೆಂಡತಿ ಚಿಂತಾಮಣಿ ಕಡೆಯವಳು. ಮನೆಯ ಹಿಂದೆ ತಗಡಿನ ಚಾವಣಿಯ ಕೆಳಗೆ ರೇಷ್ಮೆ ನೂಲು ತೆಗೆಯುತ್ತಿದ್ದಳು. ಕುದಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ, ಒಂದೊಂದರ ಎಳೆ ಹುಡುಕಿ, ಏಳೆಂಟು ಎಳೆ ಸೇರಿಸಿ ಚರಕಕ್ಕೆ ಕೊಡುವ ಕೆಲಸ. ಅವಳ ಅಮ್ಮ ಕಲಿಸಿದ್ದು. ನನಗೆ ಸಂಬಳ ಬರುತ್ತದಲ್ಲ, ಬಿಟ್ಟುಬಿಡೇ ಅಂದರೆ, "ನಿಮ್ಮ ಪಾಠ ನೀವು ಬಿಡ್ತೀರಾ?" ಅಂತ ನನ್ನ ಬಾಯಿ ಮುಚ್ಚಿಸಿದ್ದಳು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನಮ್ಮ ಬೀದಿಗೆ ಮಾತ್ರ ಕರೆಂಟು ಬಂದಿರಲಿಲ್ಲ. ಹಬೆ, ಹೊಗೆ ಸೇರಿ ಆ ಚಾವಣಿಯ ಕೆಳಗೆ ಹಗಲಲ್ಲೂ ಮಬ್ಬು. ಲಾಟೀನು ಇಟ್ಟರೆ ನೀರು ಸಿಡಿದು ಗಾಜು ಒಡೆಯುತ್ತಿತ್ತು. ಒಂದು ದಿನ ಅವಳು ಅಂದಳು: "ರೀ, ಎಳೆ ಕಡಿದ್ರೆ ನಂಗೆ ಗೊತ್ತೇ ಆಗ್ತಿಲ್ಲ. ಬಾಂಡ್ಲಿ ಹತ್ರ ಹುಣಿಸೆಬೀಜದಷ್ಟು ಬೆಳಕಿದ್ರೆ ಸಾಕಾಗಿತ್ತು. ಹಿಂಗೇ ಆದ್ರೆ ಚರಕ ಬಿಡ್ಬೇಕಾಗುತ್ತೆ ಕಣ್ರೀ."

ನಾನೋ, ಕಣ್ಣಿನ ಬಗ್ಗೆ ಒಂದು ಮಾತು ಕೇಳದೆ ದೀಪದ ಯೋಚನೆಗೆ ಬಿದ್ದೆ.

ಗೂಡು ಬೇಯಿಸಿದ ನೀರನ್ನು ದಿನಕ್ಕೆರಡು ಸಲ ಮೋರಿಗೆ ಚೆಲ್ಲುತ್ತಿದ್ದಳು. ಅಷ್ಟೂ ಬಿಸಿ ದಂಡ! ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಕರಗಿಸಿದ ನೀರಿನಲ್ಲಿ ಎರಡು ತಾಮ್ರದ ತಗಡು ನಿಲ್ಲಿಸಿ, ಒಂದನ್ನು ಬಿಸಿಯಾಗಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ಚೂರು ಕರೆಂಟು ಹುಟ್ಟುತ್ತದೆ ಅಂತ ನಾನು ಓದಿದ್ದೆ. ನಂದಿಯ ದ್ರಾಕ್ಷಿ ತೋಟದವರಿಂದ ಬಳ್ಳಿಗೆ ಹೊಡೆಯುವ ಮೈಲುತುತ್ತ ತಂದೆ. ಪಿಂಗಾಣಿ ಬಟ್ಟಲು ಹನ್ನೆರಡು ಜೊತೆ ಕೂಡಿಸಿ, ಒಂದೊಂದರಲ್ಲೂ ಆ ನೀರು ತುಂಬಿ ಒಂದು ತಾಮ್ರದ ತಗಡು ನಿಲ್ಲಿಸಿದೆ. ಜೊತೆಯ ಒಂದು ಬಟ್ಟಲು ಚೆಲ್ಲುವ ಬಿಸಿನೀರಿನ ತೊಟ್ಟಿಯಲ್ಲಿ, ಇನ್ನೊಂದು ಬಾವಿನೀರಿನ ತಟ್ಟೆಯಲ್ಲಿ. ನಡುವೆ ನೆನೆಸಿದ ಹತ್ತಿಬತ್ತಿ. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ, "ಮೇಷ್ಟ್ರಿಕಿ ಪಿಚ್ಚಿ ಪಟ್ಟಿಂದಿ" ಅಂದಳು. ಹುಚ್ಚು ಹಿಡಿದಿದೆಯಂತೆ ನನಗೆ. ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು.

ಶಾಲೆಯಿಂದ ಕರೆಂಟು ಅಳೆಯುವ ಗ್ಯಾಲ್ವನೋಮೀಟರಿನ ಮರದ ಪೆಟ್ಟಿಗೆ ತಂದು ಜೋಡಿಸಿದ ಶನಿವಾರ, ಅವಳು ನೀರಿಗೆ ಹೋಗಿದ್ದಾಗ ಅದರ ಮುಳ್ಳು ಅಲುಗಿತು. ಬಲ್ಬು ಉರಿಯಲು ಇನ್ನೂ ಎಷ್ಟೋ ಬಟ್ಟಲು ಬೇಕಿತ್ತು. ಆದರೂ ಕುಣಿಯುವುದೊಂದು ಬಾಕಿ ನನಗೆ. ಭಾನುವಾರ ಬೆಳಗ್ಗೆ ನೋಡಲು ಬನ್ನಿ ಅಂತ ಹೆಡ್‌ಮಾಸ್ಟರಿಗೆ ಹೇಳಿ ಬಂದೆ.

ಅವರು ಬಂದು ಕೂತರು. ತಂತಿ ಸಿಕ್ಕಿಸಿದೆ. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ತಂತಿ ಉಜ್ಜಿದೆ, ಬತ್ತಿ ಬದಲಿಸಿದೆ. ಕೊನೆಗೆ ತಣ್ಣೀರಿನ ತಟ್ಟೆಗೆ ಬೆರಳಿಟ್ಟರೆ ಚುರ್ರೆಂದಿತು.

"ಇದಕ್ಕೆ ಬಿಸಿನೀರು ಹುಯ್ದಿದ್ದು ಯಾರು?"

"ನಾನೇ ಕಣ್ರೀ. ಪೂರ್ತಿ ತಣ್ಣಗಾಗೋಗಿತ್ತು. ನೀವು ಮರ್ತಿರೇನೋ, ಬಂದೋರೆದುರು ಕೆಲ್ಸ ಕೆಡಬಾರ್ದು ಅಂತ..."

ನೂಲು ತೆಗೆಯುವವರಿಗೆ ಬಾಣಲೆ ಆರಿತೆಂದರೆ ಎಳೆ ಕಡಿಯಿತೆಂದೇ ಲೆಕ್ಕ. ಆರುವ ನೀರಿಗೆ ಬಿಸಿನೀರು ಹುಯ್ಯುವುದು ಅವಳ ಕೈಗೆ ಉಸಿರಾಟದಷ್ಟೇ ಅಭ್ಯಾಸ. ಅದು ನನಗೆ ಆಗ ಹೊಳೆಯಲಿಲ್ಲ. ಬಾಯಿಗೆ ಬಂದಂತೆ ಬೈದೆ. "ಹುಳ ಬೇಯ್ಸೋರಿಗೆ ಇದೆಲ್ಲ ಎಲ್ಲಿಂದ ತಿಳಿಬೇಕು!" ಅಂದುಬಿಟ್ಟೆ. ಹೆಡ್‌ಮಾಸ್ಟರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಅವಳು ಲೋಟ ತೊಳೆಯಲು ಹೋದಳು. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮಾರನೇ ದಿನ ಶಾಲೆಗೆ ಹೊರಡುವ ಮೊದಲು ನಾಚಿಕೆ ಬಿಟ್ಟು ಅವಳ ಪಕ್ಕ ಕೂತೆ. ಬರೀ ಬಿಸಿಯಿಂದ ಏನೂ ಹುಟ್ಟುವುದಿಲ್ಲ, ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗಿದ್ದರೆ ಮಾತ್ರ ಕರೆಂಟು ಹರಿಯುತ್ತದೆ ಅಂತ ಹೇಳಿದೆ. ಎರಡೇ ಮಾತು.

"ಅಷ್ಟೇನಾ? ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?" ಅಂದಳು. ಮೂರು ತಿಂಗಳಿಂದ ಹೇಳಿರಲಿಲ್ಲ ನಾನು. ಇವಳಿಗೇನು ಅರ್ಥವಾದೀತು ಅಂದುಕೊಂಡಿದ್ದೆ.

ಅವಳೇ ಬಾವಿಯಿಂದ ನೀರು ಸೇದಿ ತಂದಳು. ಗೂಡು ತೆಗೆದ ನೀರನ್ನು ತಾನೇ ಬಗ್ಗಿಸಿ ತೊಟ್ಟಿ ತುಂಬಿದಳು. ತಂತಿ ಸಿಕ್ಕಿಸಿದೆ. ಮುಳ್ಳು ಸೊನ್ನೆಯಿಂದ ಎದ್ದು ಬಲಕ್ಕೆ ಸರಿದು ನಿಂತಿತು, ಶನಿವಾರಕ್ಕಿಂತ ಮುಂದೆ.

"ನೋಡೇ, ನೋಡೇ! ನಿನ್ನ ಬಾಂಡ್ಲಿ ಕರೆಂಟು!"

ಅವಳು ಬಗ್ಗಿ ಪೆಟ್ಟಿಗೆಯ ಹತ್ತಿರ ಮುಖ ತಂದಳು. "ಹೂಂ ಕಣ್ರೀ, ಆಡ್ತೈತೆ! ಎಷ್ಟು ಚೆನ್ನಾಗಿ ಆಡ್ತೈತೆ!" ಅಂದಳು. ಮುಖದ ತುಂಬ ನಗು.

ಮುಳ್ಳು ಆಡುತ್ತಿರಲಿಲ್ಲ, ನಿಂತಿತ್ತು. ಅವಳು ನೋಡುತ್ತಿದ್ದದ್ದು ಪೆಟ್ಟಿಗೆಯ ಹಿಂಬದಿಯ ಮರದ ಹಲಗೆಯನ್ನು. ಪೆಟ್ಟಿಗೆಯನ್ನು ಅವಳ ಕಡೆ ತಿರುಗಿಸಲು ನನ್ನ ಕೈ ಏಳಲಿಲ್ಲ.