ಫೈನಲಿನ ಹಳದಿ ಟಿಕೆಟು

ನಾನು ಗೋಲ್‌ಕೀಪರ್ ಆಗಿದ್ದವನು. ಈಗ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದೇ ಕಷ್ಟ, ಆ ಮಾತು ಬೇರೆ. ಎಂಬತ್ತರ ದಶಕದ ಕೊನೆಯಲ್ಲಿ, ಮಸ್ಕತ್ತಿನ ರೂವಿಯ ಒಂದು ಕಾರು ಕಂಪನಿಯ ಬಿಡಿಭಾಗಗಳ ಕೌಂಟರಿನಲ್ಲಿ ವಾರವಿಡೀ ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು ಎತ್ತಿ ಕೊಡುತ್ತಿದ್ದ ನಾನು ಶುಕ್ರವಾರ ಸಂಜೆ ಎರಡು ಕಂಬಗಳ ನಡುವೆ ನಿಂತರೆ ಬೇರೆಯೇ ಮನುಷ್ಯ. ಹಾಗೆಂದು ನಾನು ನಂಬಿದ್ದೆ. ಜನ ಬರುವುದು ನನ್ನ ಆಟ ನೋಡಲಿಕ್ಕೇ ಎಂದೂ ನಂಬಿದ್ದೆ.

ಕರಾವಳಿಯ ಕಾಲೇಜುಗಳ ಹಳೆ ವಿದ್ಯಾರ್ಥಿಗಳು ಸೇರಿ ಪ್ರತಿ ಚಳಿಗಾಲದಲ್ಲಿ ಒಂದು ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತಿದ್ದೆವು. ಹುಲ್ಲಿನ ಒಂದು ಎಸಳೂ ಇಲ್ಲದ ಮೈದಾನ, ಸುತ್ತ ಬೋಳು ಕಲ್ಲುಗುಡ್ಡ. ಡೈವ್ ಹೊಡೆದರೆ ಮೊಣಕೈಯ ಚರ್ಮ ಅಲ್ಲೇ ಬಿಟ್ಟು ಏಳಬೇಕು. ನಮ್ಮ ಕಂಪನಿಯ ಕಫೀಲ್, ಅಂದರೆ ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಒಮಾನಿ ಯಜಮಾನರು, ಮೈದಾನಕ್ಕೆ ಅನುಮತಿ ಕೊಡಿಸುತ್ತಿದ್ದರು. ಪುಕ್ಕಟೆ ಎಂದರೆ ಬೆಲೆಯಿಲ್ಲ ಎಂದು ಟಿಕೆಟು ಇಟ್ಟಿದ್ದೆವು. ಕಮಿಟಿಯಲ್ಲಿ ಮೂವರು, ಟಿಕೆಟಿನ ಉಸ್ತುವಾರಿ ನನ್ನದು. ಲೀಗ್ ಪಂದ್ಯಗಳಿಗೆ ಜನ ನನ್ನ ಕೌಂಟರಿಗೇ ಫೋನು ಮಾಡಿ ಟಿಕೆಟು ಕೇಳುತ್ತಿದ್ದರು. ಊರಾಚೆ ದೂರದ ಬರ್ಕಾದಲ್ಲಿ ಅಂಗಡಿ ಇಟ್ಟಿದ್ದ ನನ್ನ ಸಹಪಾಠಿಯೊಬ್ಬ ಪಿಕಪ್ಪಿನ ಹಿಂದೆ ಜನರನ್ನು ತುಂಬಿಕೊಂಡು ಬರುತ್ತಿದ್ದ.

ಆ ವರ್ಷ ನಮ್ಮ ಕಾಲೇಜು ಫೈನಲಿಗೆ ಬಂತು. ಅದೇ ವರ್ಷ ನನ್ನ ಹೆಂಡತಿಯ ಬಾಣಂತನಕ್ಕೆಂದು ಅಮ್ಮ ವಿಸಿಟ್ ವೀಸಾದಲ್ಲಿ ಮಸ್ಕತ್ತಿಗೆ ಬಂದಿದ್ದಳು. ನನಗೂ ಅಮ್ಮನಿಗೂ ಫುಟ್‌ಬಾಲಿನ ವಿಷಯದಲ್ಲಿ ಒಂದು ಹಳೆಯ ವ್ಯಾಜ್ಯ ಇತ್ತು. ನಾನು ಪಿಯುಸಿಯಲ್ಲಿ ಎರಡು ವಿಷಯ ಫೇಲಾದಾಗ ಅವಳು ನನ್ನ ಬೂಟುಗಳನ್ನು ಬಚ್ಚಲಿನ ಒಲೆಗೆ ಹಾಕಿದ್ದಳು. ಒಳ್ಳೆ ತೊಗಲಿನ ಬೂಟು, ಗೆಳೆಯನಿಂದ ಕಾಡಿ ಬೇಡಿ ಪಡೆದದ್ದು. ಅದು ಸುಲಭಕ್ಕೆ ಉರಿಯಲೂ ಇಲ್ಲ. ಹೊಗೆಯ ನಡುವೆ ನಿಂತು ಅಮ್ಮ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. ನಾವು ಮನೆಯಲ್ಲಿ ಮಾತಾಡುವುದು ತುಳು. ಕನ್ನಡದಲ್ಲಿ ಹೇಳಿದರೆ ಅದು ಹೀಗೆ: "ನಿನ್ನ ಈ ಆಟ ಯಾರಾದ್ರೂ ದುಡ್ಡು ಕೊಟ್ಟು ನೋಡ್ತಾರಾ? ಆ ದಿನ ಬಂದ್ರೆ ಹೇಳು, ನಾನೂ ಬರ್ತೇನೆ."

ಹದಿನಾಲ್ಕು ವರ್ಷ ಕಾದಿದ್ದೆ. ಈಗ ಟಿಕೆಟು ಇದೆ, ಫೈನಲ್ ಇದೆ, ಅಮ್ಮ ಇದ್ದಾಳೆ, ಅವಳ ವೀಸಾ ಮುಗಿಯಲು ಇನ್ನೂ ಮೂರು ವಾರ ಇದೆ. ದುಡ್ಡು ಕೊಟ್ಟ ಜನರಿಂದ ತುಂಬಿದ ಮೈದಾನದಲ್ಲಿ ಅಮ್ಮನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಬೇಕು, ಅವಳು ನನ್ನ ಆಟ ನೋಡಬೇಕು. ಅಷ್ಟೇ ನನಗೆ ಬೇಕಾಗಿದ್ದುದು. ಫೈನಲಿನ ಟಿಕೆಟನ್ನು ದಪ್ಪ ಹಳದಿ ಕಾಗದದಲ್ಲಿ ಅಂಚಿಗೆ ಚಿತ್ತಾರ ಕೊಟ್ಟು ಅಚ್ಚು ಹಾಕಿಸಿದೆ. ಅಮ್ಮ ಒಂದನ್ನು ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು. ಮದುವೆ ಕಾಗದದ ಹಾಗೆ ಉಂಟು ಎಂದಳು.

ಆದರೆ ಫೈನಲಿಗೆ ಟಿಕೆಟು ಹೋಗಲೇ ಇಲ್ಲ.

ಮೊದಲ ವಾರ ನಾನು ಹೆದರಲಿಲ್ಲ. ಎರಡನೇ ವಾರ ಕೌಂಟರಿನ ಫೋನು ರಿಂಗಾದಾಗೆಲ್ಲ ಓಡಿದೆ. ಎಲ್ಲ ಬ್ರೇಕ್ ಪ್ಯಾಡ್ ಕೇಳುವವರೇ. ನಾನೇ ಮನೆ ಮನೆಗೆ ಹೋದೆ. ಎಲ್ಲರೂ ಕೂರಿಸಿ ಚಾ ಕೊಟ್ಟರು, ಮಗುವಿನ ಆರೋಗ್ಯ ವಿಚಾರಿಸಿದರು, ಊರಿನಿಂದ ಬಂದ ಮದುವೆ ಕ್ಯಾಸೆಟ್ಟು ಹಾಕಿ ತೋರಿಸಿದರು. ಟಿಕೆಟಿನ ಮಾತು ಎತ್ತಿದ ಕೂಡಲೇ "ನೋಡುವ" ಎಂದರು. ನಮ್ಮ ಕಡೆಯವರಿಗೆ ಗೊತ್ತು, ನೋಡುವ ಎಂದರೆ ಬರುವುದಿಲ್ಲ ಎಂದೇ. ಮುಖದ ಮೇಲೆ ಇಲ್ಲ ಎಂದು ಹೇಳುವುದು ನಮ್ಮವರ ಜಾಯಮಾನ ಅಲ್ಲ. ಬರ್ಕಾದ ಸಹಪಾಠಿಯೂ ನೋಡುವ ಮಾರಾಯ ಎಂದಾಗ ನನಗೆ ಪಿತ್ತ ನೆತ್ತಿಗೇರಿತು. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂತು ನನ್ನ ಉತ್ತರ ಪತ್ರಿಕೆ ನೋಡಿ ಬರೆದು ಫೇಲಾದವನು ಅವನು. ಅಷ್ಟು ಋಣವೂ ಬೇಡವೇ?

ಅಮ್ಮ ಸಂಜೆ ಮಗುವಿಗೆ ಎಣ್ಣೆ ಹಚ್ಚುತ್ತಾ, ಟಿಕೆಟು ಎಲ್ಲ ಹೋಯಿತಾ ಎಂದು ಕೇಳಿದಳು. ಖಲಾಸ್, ಒಂದೂ ಉಳಿದಿಲ್ಲ ಎಂದುಬಿಟ್ಟೆ. ಮಾರಾಟವಾಗದ ಟಿಕೆಟು ಪುಸ್ತಕಗಳನ್ನು ಕಪಾಟಿನಲ್ಲಿ ಮಗುವಿನ ಬಟ್ಟೆಯ ಅಡಿಯಲ್ಲಿ ಇಟ್ಟಿದ್ದೆ. ಬಾಣಂತಿ ಮನೆಯಲ್ಲಿ ಅಡಗಿಸಲು ಅದಕ್ಕಿಂತ ಮೂರ್ಖ ಜಾಗ ಇನ್ನೊಂದಿಲ್ಲ. ದಿನಕ್ಕೆ ಹತ್ತು ಸಲ ಅಮ್ಮ ಕೈ ಹಾಕುವುದು ಅಲ್ಲಿಗೇ.

ಅಮ್ಮ ನನ್ನನ್ನು ಏನೂ ಕೇಳಲಿಲ್ಲ. ಮೇಲಿನ ಫ್ಲಾಟಿನ ಬಾಯಿಯನ್ನು ಕೇಳಿದಳು. ಬಾಯಿ ಎಂದು ನಾವೆಲ್ಲ ಮರ್ಯಾದೆಯಿಂದ ಕರೆಯುತ್ತಿದ್ದ ಅವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಒಂದು ಆಫೀಸಿನಲ್ಲಿ ಟೈಪಿಸ್ಟ್. ಲೀಗ್ ಪಂದ್ಯಗಳಲ್ಲಿ ಮೈದಾನದ ಪಕ್ಕ ಹೆಂಗಸರ ತಿಂಡಿ ಸ್ಟಾಲು ನಡೆಸುತ್ತಿದ್ದವರೂ ಅವರೇ. ತೆಂಗಿನಕಾಯಿ ಅರೆದು ಮಾಡಿದ ಕೋಳಿ ಗಸಿ, ರೊಟ್ಟಿ, ಗೋಳಿಬಜೆ, ಚಾ. ಬಾಯಿಗೆ ನನ್ನ ಮೇಲೆ ಕೋಪ ಇತ್ತು, ಅದಕ್ಕೆ ಕಾರಣವೂ ಇತ್ತು.

ಕಾರಣ ಸೆಮಿಫೈನಲಿನದು. ಚೆಂಡನ್ನು ಕೈಯಲ್ಲಿ ಹಿಡಿದು, ನಾಲ್ಕು ಹೆಜ್ಜೆ ಓಡಿ, ನಾನು ಬಲವಾಗಿ ಒದ್ದೆ. ಅದು ಮುಂದೆ ಹೋಗುವ ಬದಲು ಪಕ್ಕಕ್ಕೆ ತಿರುಗಿ, ಎಲ್ಲರ ತಲೆಯ ಮೇಲಿಂದ ಹಾರಿ, ಸೀದಾ ಕೋಳಿ ಗಸಿಯ ಪಾತ್ರೆಯೊಳಗೆ ಬಿತ್ತು. ಸಿಡಿದ ಗಸಿಗೆ ಅಲ್ಲೇ ಹತ್ತಿರವಿದ್ದ ರೆಫರಿಯ ಬಿಳಿ ಚಡ್ಡಿ ಕೆಂಪಾಯಿತು. ಚೆಂಡು ತೊಳೆಯಲು ಕಾಲು ಗಂಟೆ ಆಟ ನಿಂತಿತು. ಜನ ಹೊಟ್ಟೆ ಹಿಡಿದು ನಕ್ಕರು. ನಾವು ಗೆದ್ದದ್ದು ಯಾರಿಗೂ ನೆನಪಿಲ್ಲ, ಗಸಿ ಮಾತ್ರ ಎಲ್ಲರಿಗೂ ನೆನಪು. ಮರುದಿನ ಕಮಿಟಿಯಲ್ಲಿ ನಾನು ಮೇಜು ಕುಟ್ಟಿ, ಇದೇನು ಫೈನಲೋ ಮದುವೆ ಊಟವೋ, ಫೈನಲಿಗೆ ಸ್ಟಾಲು ಬೇಡ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಉಳಿದ ಇಬ್ಬರು ಮರುಮಾತಾಡದೆ ಒಪ್ಪಿದರು.

ಬಾಯಿ ಇದನ್ನೆಲ್ಲ ಅಮ್ಮನಿಗೆ ತುಳುವಿನಲ್ಲೇ ಉಪ್ಪು ಖಾರ ಹಚ್ಚಿ ಹೇಳಿದರು. ಹೆಂಗಸರಿಗೆ ವಾರದಲ್ಲಿ ಒಂದು ದಿನ ಅಡಿಗೆ ಮನೆಯಿಂದ ಹೊರಗೆ ಬಂದು ಮಾತಾಡಲಿಕ್ಕೆ ಇರುವುದೇ ಆ ಸ್ಟಾಲು. ಹೆಂಗಸರು ಹೊರಡದಿದ್ದರೆ ಮಕ್ಕಳು ಹೊರಡುವುದಿಲ್ಲ, ಮಕ್ಕಳು ಹೊರಡದಿದ್ದರೆ ಗಂಡಸರನ್ನು ಯಾರೂ ಬಿಡುವುದಿಲ್ಲ. ಇನ್ನು ಒಂಟಿಯಾಗಿ ರೂಮಿನಲ್ಲಿರುವ ಗಂಡಸರು ಊರಿನ ಗಸಿಯ ಆಸೆಗಲ್ಲದೆ ಬೋಳು ಗುಡ್ಡದ ಧೂಳು ತಿನ್ನಲು ಯಾಕೆ ಬರುತ್ತಾರೆ? ಇಷ್ಟು ಸರಳವಾದ ವಿಷಯವನ್ನು ಒಬ್ಬರೂ ನನಗೆ ಹೇಳಿರಲಿಲ್ಲ. ನೋಡುವ ಎಂದಿದ್ದರು.

ಆ ದಿನ ಕೆಲಸದಿಂದ ಬಂದಾಗ ಟಿಕೆಟಿನ ಪುಸ್ತಕಗಳು ಊಟದ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಮ್ಮ ನನ್ನ ಮುಖ ನೋಡದೆ ಬಡಿಸಿದಳು.

"ಚೀಟಿಗೆ ಚಿತ್ತಾರ ಎಲ್ಲ ಹಾಕಿಸಿದ್ದಿ. ಬಂದವರಿಗೆ ಒಂದು ಲೋಟ ಚಾ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತ ಇದಕ್ಕೇ ಹೇಳುವುದು" ಎಂದಳು. ಇನ್ನೊಂದು ಸೌಟು ಸಾರು ಹಾಕಿ, "ಎಷ್ಟು ಕೋಳಿ ಬೇಕಾದೀತು?" ಎಂದು ಕೇಳಿದಳು.

ನಾನು ಬೇಡವೆಂದೆ. ನನಗೆ ಬೇಕಾದದ್ದು ನನ್ನ ಆಟಕ್ಕೆ ಬರುವ ಜನ, ಗಸಿಗೆ ಬರುವ ಜನ ಅಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಖಾಲಿ ಕುರ್ಚಿಗಳ ನಡುವೆ ಅಮ್ಮ ಒಬ್ಬಳೇ ಕೂತಿರುವುದು ಕಣ್ಣ ಮುಂದೆ ಬಂತು. ತಟ್ಟೆ ಖಾಲಿ ಮಾಡಿ ಎದ್ದೆ. ಮಾರನೇ ದಿನ ಕಮಿಟಿಯ ಇಬ್ಬರಿಗೆ ಫೋನು ಮಾಡಿ ಸ್ಟಾಲು ಇರಲಿ ಎಂದೆ. ಅವರು ಯಾಕೆ ಎಂದೂ ಕೇಳಲಿಲ್ಲ, ಅಷ್ಟು ಖುಷಿ ಅವರಿಗೆ. ಚೆಂಡಿನ ಭಯಕ್ಕೆ ಈ ಸಲ ಸ್ಟಾಲನ್ನು ಒಂದು ತುದಿಯ ಗೋಲಿನ ಬಲೆಯ ಹಿಂದೆ ಇಡುವುದು, ಬಲೆಯಾದರೂ ಕಾಯುತ್ತದೆ ಎಂದು ತೀರ್ಮಾನವಾಯಿತು.

ಸುದ್ದಿ ನಾನು ಹಬ್ಬಿಸಬೇಕಾಗಿ ಬರಲಿಲ್ಲ. ಬಾಯಿ ಆಫೀಸಿನ ಫೋನು ಹಿಡಿದು ಕೂತರೆಂದು ಕಾಣುತ್ತದೆ. ಮಧ್ಯಾಹ್ನದೊಳಗೆ ನನ್ನ ಕೌಂಟರಿನ ಮುಂದೆ ಕಾರು ಇಲ್ಲದವರ ಸಾಲು. ಬರ್ಕಾದವನು ಎರಡು ಪಿಕಪ್ಪಿಗೆ ಆಗುವಷ್ಟು ಟಿಕೆಟು ಬೇಕೆಂದ. ಆಟ ಎಷ್ಟು ಗಂಟೆಗೆ ಎಂದು ಕೇಳಲಿಲ್ಲ, ಗಸಿ ಎಷ್ಟು ಗಂಟೆಗೆ ಸಿದ್ಧವಾಗುತ್ತದೆ ಎಂದು ಕೇಳಿದ. ಗುರುವಾರಕ್ಕೆ ಹಳದಿ ಟಿಕೆಟು ಮುಗಿದು, ಬಿಡಿಭಾಗಗಳ ಚೀಟಿಯ ಹಿಂದೆ ಸಹಿ ಹಾಕಿ ಕೊಟ್ಟೆ. ಅಮ್ಮನಿಗೆಂದು ಮುಂದಿನ ಸಾಲಿನ ಒಂದು ಪಾಸನ್ನು ಮಾತ್ರ ಬೇರೆಯೇ ಇಟ್ಟು, ಅವಳ ಕೈಗೆ ಕೊಟ್ಟೆ. ಅಮ್ಮ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಶುಕ್ರವಾರ ಮೈದಾನ ತುಂಬಿತು. ಅಷ್ಟು ಜನರನ್ನು ನಾನು ಅದಕ್ಕೆ ಮೊದಲು ಅಲ್ಲಿ ನೋಡಿರಲಿಲ್ಲ. ಕಫೀಲ್ ಬಿಳಿ ದಿಶ್ದಾಶಾ ನಿಲುವಂಗಿ ತೊಟ್ಟು ಮುಖ್ಯ ಅತಿಥಿಯಾಗಿ ಕೂತಿದ್ದರು, ಆಟ ಶುರುವಾಗುವ ಮೊದಲೇ ಅವರ ತೊಡೆಯ ಮೇಲೆ ರೊಟ್ಟಿಯ ತಟ್ಟೆ ಇತ್ತು. ಮುಂದಿನ ಸಾಲಿನ ಕೊನೆಯಲ್ಲಿ ನನ್ನ ಹೆಂಡತಿ, ಮಡಿಲಲ್ಲಿ ಮಗು. ಅವಳ ಪಕ್ಕದ ಕುರ್ಚಿ ಖಾಲಿ. ಇಡೀ ಮೈದಾನದಲ್ಲಿ ಖಾಲಿ ಇದ್ದದ್ದು ಅದೊಂದೇ.

ಮೊದಲ ಅರ್ಧದಲ್ಲಿ ನಾನು ಸ್ಟಾಲಿಗೆ ಎದುರು ತುದಿಯ ಗೋಲಿನಲ್ಲಿದ್ದೆ. ದೂರದಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಪಾತ್ರೆಯ ಮೇಲೆ ಬಗ್ಗಿದ್ದು ಕಾಣುತ್ತಿತ್ತು. ತಲೆ ಎತ್ತಿದರೆ ತಾನೇ. ಎರಡು ಒಳ್ಳೆಯ ಚೆಂಡು ಹಿಡಿದೆ, ಒಂದಕ್ಕಂತೂ ನಾನೇ ನನ್ನ ಬೆನ್ನು ತಟ್ಟಿಕೊಳ್ಳಬಹುದಿತ್ತು. ಎರಡು ಸಲವೂ ಅಮ್ಮ ಯಾರಿಗೋ ಗಸಿ ಬಡಿಸುತ್ತಿದ್ದಳು. ವಿರಾಮದಲ್ಲಿ ನೀರು ಕೊಡಲು ಬಂದ ಬಾಯಿಯ ಹತ್ತಿರ, ಸೌಟು ನೀವು ತೆಗೆದುಕೊಳ್ಳಿ, ಅಮ್ಮನನ್ನು ಒಮ್ಮೆ ಆ ಕುರ್ಚಿಗೆ ಕಳಿಸಿ ಎಂದು ಬೇಡಿಕೊಂಡೆ. ಬಾಯಿ ಆಯ್ತು ಎಂದರು.

ಎರಡನೇ ಅರ್ಧದಲ್ಲಿ ತುದಿ ಬದಲಾಯಿತು. ಈಗ ಸ್ಟಾಲು ನನ್ನ ಬೆನ್ನಿಗೇ ಇತ್ತು, ಗಸಿಯ ಪರಿಮಳ ಬಲೆಯನ್ನು ದಾಟಿ ಬರುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ನನ್ನ ಕಣ್ಣೆಲ್ಲ ಆ ಕುರ್ಚಿಯ ಮೇಲೆ. ಈಗ ಬರುತ್ತಾಳೆ, ಇನ್ನೈದು ನಿಮಿಷದಲ್ಲಿ ಬರುತ್ತಾಳೆ. ಹೆಂಡತಿ ಕುರ್ಚಿಯ ಮೇಲೆ ಮಗುವಿನ ಚೀಲ ಇಟ್ಟಳು. ಚೀಲ ಇಟ್ಟಳೆಂದರೆ ಅಮ್ಮ ಬರುವುದಿಲ್ಲ ಎಂದೇ ಅಲ್ಲವೇ ಎಂದು ನಾನು ಲೆಕ್ಕ ಹಾಕುತ್ತಿದ್ದ ಹೊತ್ತಿಗೆ ಎದುರಾಳಿ ತಂಡದ ಒಬ್ಬ ನಲವತ್ತು ದಾಟಿದ ಬ್ಯಾಂಕ್ ಗುಮಾಸ್ತ ದೂರದಿಂದ ಚೆಂಡನ್ನು ಮೆಲ್ಲಗೆ ತಳ್ಳಿದ. ಒದ್ದದ್ದೂ ಅಲ್ಲ. ಅದು ಉರುಳುತ್ತಾ ಬಂದು ನನ್ನ ಎಡಗಾಲಿನ ಪಕ್ಕದಿಂದ ಒಳಗೆ ಹೋಯಿತು. ಆ ಒಂದು ಗೋಲಿನಲ್ಲಿ ನಾವು ಫೈನಲ್ ಸೋತೆವು.

ಕಪ್ಪು ಕೊಡುವ ಗಲಾಟೆಯಲ್ಲಿ ನಾನು ಯಾರಿಗೂ ಮುಖ ತೋರಿಸದೆ ಸ್ಟಾಲಿನ ಹಿಂದೆ ಹೋಗಿ ಮಗುಚಿಟ್ಟ ಬಾಲ್ದಿಯ ಮೇಲೆ ಕೂತೆ. ಪಾತ್ರೆಗಳೆಲ್ಲ ಖಾಲಿಯಾಗಿದ್ದವು. ಅಮ್ಮ ನನಗೆಂದು ಮುಚ್ಚಿಟ್ಟ ತಟ್ಟೆ ತಂದು ಮುಂದಿಟ್ಟಳು. ನನಗೆ ಸೋತದ್ದಕ್ಕಿಂತ ದೊಡ್ಡ ಸಿಟ್ಟು ಅವಳ ಮೇಲಿತ್ತು.

"ಇಷ್ಟು ಜನ ನೋಡಿದ್ರು, ನೀನು ಮಾತ್ರ ನೋಡ್ಲಿಲ್ಲ" ಎಂದೆ.

"ಯಾರು ಹೇಳಿದ್ದು? ಬಾಯಿ ಸೌಟು ತಕ್ಕೊಂಡ ಮೇಲೆ ಕೊನೆವರೆಗೆ ನಾನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ. ಬಲೆಗೆ ಮೂಗು ತಾಗಿಸಿಕೊಂಡು" ಎಂದಳು ಅಮ್ಮ. "ಚೆಂಡು ಬರ್ತಾ ಉಂಟು, ನೀನು ಆ ಕುರ್ಚಿ ನೋಡ್ತಾ ನಿಂತಿದ್ದಿ. ಅದರಲ್ಲಿ ಎಂತ ಇತ್ತು ಮಗಾ?"

ಅಷ್ಟು ಒಳ್ಳೆಯ ಜಾಗ ಇಟ್ಟಿದ್ದೆ, ಪಾಸು ಕೊಟ್ಟಿದ್ದೆ, ಅಲ್ಲಿ ಕೂರಲಿಕ್ಕೆ ಏನಾಗಿತ್ತು ಎಂದು ಗೊಣಗಿದೆ.

ಅಮ್ಮ ರವಿಕೆಯೊಳಗಿನ ಪುಟ್ಟ ಪರ್ಸು ತೆಗೆದು, ನಾಲ್ಕು ಮಡಿಕೆ ಮಾಡಿದ ಹಳದಿ ಕಾಗದವೊಂದನ್ನು ಬಿಡಿಸಿದಳು. ಗೇಟಿನಲ್ಲಿ ಹರಿದ ಮೂಲೆ, ಅಂಚಿಗೆ ಚಿತ್ತಾರ. ಬಳೆ ತಕ್ಕೋ ಎಂದು ನಾನು ಕೊಟ್ಟಿದ್ದ ರಿಯಾಲಿನಲ್ಲಿ, ಬಾಯಿಯ ಕೈಯಿಂದ ತರಿಸಿಕೊಂಡದ್ದಂತೆ.

"ಪುಕ್ಕಟೆ ಪಾಸು ದೇವರ ಪಟದ ಹಿಂದೆಯೇ ಉಂಟು. ನಾನು ದುಡ್ಡು ಕೊಟ್ಟೇ ನೋಡಿದ್ದು" ಎಂದಳು. "ದುಡ್ಡು ಕೊಟ್ಟವರು ಎಲ್ಲಿ ಬೇಕಾದ್ರೂ ನಿಲ್ಲಬಹುದಲ್ಲ?"

ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದೆ. ಎಷ್ಟು ಮುರಿದರೂ ಬಾಯಿಗೆ ಹೋಗುವ ಹಾಗಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿ, ಬಗ್ಗಿ, ನನ್ನ ಎರಡೂ ಕೈಯ ಗ್ಲೌಸುಗಳನ್ನು ತಾನೇ ಎಳೆದು ತೆಗೆದಳು.