ಪರದೆಯ ಎಡ ಅಂಚು

ಮೊದಲು ಕಂಡದ್ದು ಗಡ್ಡದಲ್ಲಿ. ಬೆಳಿಗ್ಗೆ ಆರೂವರೆಗೆ ನನ್ನ ಗಂಡ ಶೇವಿಂಗ್ ಮುಗಿಸಿ ಹೊರಬಂದರು. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯಲ್ಲಿ ಸೋಪಿನ ನೊರೆ ಹಾಗೇ ಇತ್ತು.

"ಇದೇನ್ರೀ, ಅರ್ಧಕ್ಕೇ ಬಿಟ್ಟಿದ್ದೀರಿ?"

"ಎಲ್ಲಾ ಆಯ್ತಲ್ಲ," ಎಂದರು. ಮಾತು ತೊದಲಿತು. ಎಡಗೈಯಿಂದ ಟವೆಲ್ ಜಾರಿತು.

ಸ್ಟ್ರೋಕ್.

ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಪೆಟ್ಟು ಬಿದ್ದದ್ದು ಮೆದುಳಿನ ಬಲಭಾಗಕ್ಕೆ ಎಂದು ಸ್ಕ್ಯಾನ್ ತೋರಿಸಿತು. ಮಾತು ಬೇಗ ಮರಳಿತು. ಕೋಲು ಹಿಡಿದು ನಡೆಯತೊಡಗಿದರು. ಸೋನಾರ್‌ಪುರದ ನಮ್ಮ ಮನೆಗೆ ಬಂದೆವು. ಕೆಲಸಕ್ಕೆಂದು ಈ ಹಿಂದಿ ಊರಿಗೆ ಬಂದು ಇಲ್ಲೇ ನೆಲೆನಿಂತವರು ನಾವು.

ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ಮೊದಲ ದಿನವೇ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಎಡಗೈಗೆ ಶಕ್ತಿ ಸಾಲದು ಎಂದು ನೀರು, ಮಾತ್ರೆ, ಕನ್ನಡಕ, ಕರೆಗಂಟೆ ಎಲ್ಲವನ್ನೂ ಹಾಸಿಗೆಯ ಬಲಕ್ಕೆ ಸಾಲಾಗಿ ಜೋಡಿಸಿದೆ. ನನ್ನ ಕುರ್ಚಿಯನ್ನೂ ಬಲಕ್ಕೇ ಹಾಕಿಕೊಂಡೆ. ತಟ್ಟೆಯಲ್ಲಿ ಅರ್ಧ ಅನ್ನ ಉಳಿಯುತ್ತಿತ್ತು. ಹಸಿವಿಲ್ಲ ಎಂದುಕೊಂಡೆ. ಪೇಪರ್ ಕೊಟ್ಟರೆ ಎರಡು ನಿಮಿಷಕ್ಕೆ ಮಡಚಿಡುತ್ತಿದ್ದರು. "ಈಗಿನವರಿಗೆ ಒಂದು ವಾಕ್ಯ ನೆಟ್ಟಗೆ ಬರೆಯೋಕೆ ಬರಲ್ಲ" ಎನ್ನುತ್ತಿದ್ದರು.

ಅವರ ಬೇಸರ ಕಳೆಯಲು ಮೊಮ್ಮಗಳು ತನ್ವಿ ಒಂದು ಸಿನಿಮಾ ತಂದಳು. ಇವರು ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು, ಆದರೆ ನಾಲ್ಕು ಸಲ ಓದಿದ್ದು ಮಾಟಗಾರರು, ಮಾತಾಡುವ ಬೆಟ್ಟಗಳು ತುಂಬಿದ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು. ಅದರ ಸಿನಿಮಾ ಥಿಯೇಟರಿಗೆ ಬಂದಾಗ ನೋಡಿ, ಕೆಂಡವಾಗಿ ಮನೆಗೆ ಬಂದಿದ್ದರು. ಕಪ್ಪು ನದಿ ದಾಟಿಸುವ ಮುದುಕಿಯ ಅಧ್ಯಾಯವನ್ನೇ ಕತ್ತರಿಸಿದ್ದಾರೆ ಎಂದು.

"ತಾತ, ಇದು ಎಕ್ಸ್‌ಟೆಂಡೆಡ್ ವಾಲಾ. ಪೂರಾ ನಾಲ್ಕು ಗಂಟೆ. ನಿಮ್ಮ ಬುಢಿಯಾ ಇದರಲ್ಲಿ ಇದಾಳೆ."

"ನಾಲ್ಕು ಗಂಟೆ ಕೂರಿಸೋ ಹಾಗಿಲ್ಲ," ಎಂದೆ. "ಸಂಜೆ ನಾಲ್ಕರಿಂದ ನಾಲ್ಕೂವರೆ. ಆಮೇಲೆ ಬಂದ್."

"ಅಜ್ಜಿ, ಹಾಸ್ಟೆಲ್ ಬಿಟ್ಟು ಎಷ್ಟು ವರ್ಷ ಆಯ್ತು?"

ಆರನೆಯ ದಿನ ಪರದೆಯ ಮೇಲೆ ಆ ಕಪ್ಪು ನದಿ ಬಂತು. ಮಂಜಿನಿಂದ ದೋಣಿ ಹೊರಬಂತು. ಇವರು ಕೋಲನ್ನು ನೆಲಕ್ಕೆ ಕುಟ್ಟಿದರು.

"ನೋಡು, ಈ ಸಲಾನೂ ಮುದುಕೀನ ಬಿಟ್ಟಿದ್ದಾರೆ! ಖಾಲಿ ದೋಣಿ ತೋರಿಸ್ತಾರೆ, ಕಳ್ಳರು."

ತನ್ವಿ ನನ್ನ ಮುಖ ನೋಡಿದಳು.

ಮುದುಕಿ ಪರದೆಯ ಎಡ ಅಂಚಿನಲ್ಲಿ ಹುಟ್ಟು ಹಿಡಿದು ನಿಂತಿದ್ದಳು.

ಮರುದಿನ ಬೆಳಿಗ್ಗೆ ಫಿಸಿಯೋಥೆರಪಿಸ್ಟ್ ಬಂದಳು. ಇಲ್ಲಿಯದೇ ಹುಡುಗಿ. ಒಂದು ಗಡಿಯಾರ ಬರೆಯಲು ಹೇಳಿದಳು. ಇವರು ಹನ್ನೆರಡು ಅಂಕಿಗಳನ್ನೂ ಬಲ ಅರ್ಧದಲ್ಲೇ ತುರುಕಿದರು.

"ಕಣ್ಣು ಠೀಕ್ ಇದೆ, ಮಾತಾಜಿ. ದಿಮಾಗ್ ಎಡಗಡೆಯನ್ನು ಗಮನಿಸೋದು ಬಿಟ್ಟಿದೆ. ನೆಗ್ಲೆಕ್ಟ್ ಅಂತೀವಿ. ರಸ್ತೆಗೆ ಒಬ್ಬರನ್ನೇ ಬಿಡಬೇಡಿ, ಎಡದಿಂದ ಇ-ರಿಕ್ಷಾ ಬಂದರೆ ಗೊತ್ತೇ ಆಗಲ್ಲ."

ದಿನವೂ ಮುಂಜಾನೆ ನದಿಯ ಘಾಟಿನವರೆಗೆ ನಡೆಯದಿದ್ದರೆ ಇವರಿಗೆ ಬದುಕೇ ಇಲ್ಲ.

ಅವಳು ನನ್ನ ಅಚ್ಚುಕಟ್ಟಾದ ಮೇಜನ್ನು ನೋಡಿದಳು. "ಇಷ್ಟು ಚೆನ್ನಾಗಿ ಬಲಕ್ಕೆ ಜೋಡಿಸಿದ್ದು ಯಾರು?"

"ನಾನೇ," ಎಂದೆ. ಹೆಮ್ಮೆಯಿಂದಲೇ.

"ಎಲ್ಲಾ ಉಲ್ಟಾ ಮಾಡಿ."

ಇವರು ಎಡಕ್ಕೆ ತಿರುಗಲು ಇದ್ದ ಒಂದೊಂದು ಕಾರಣವನ್ನೂ ಮೂರು ವಾರ ಕಾಲ, ಸಮಯ ತಪ್ಪದೆ, ತೆಗೆದುಹಾಕಿದ್ದವಳು ನಾನೇ. ಶಿಸ್ತು ತಪ್ಪು ದಿಕ್ಕಿಗೆ ಹೊರಟರೆ ಸೋಮಾರಿತನಕ್ಕಿಂತ ಹೆಚ್ಚು ಕೆಡಿಸುತ್ತದೆ ಎಂದು ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿತೆ.

ಅತ್ತು ಕೂರಲಿಲ್ಲ. ಹನ್ನೊಂದು ಗಂಟೆಯೊಳಗೆ ಮೇಜು, ಕರೆಗಂಟೆ, ಕುರ್ಚಿ ಎಡಕ್ಕೆ ಹೋದವು. ಟೀವಿಯ ಎಡ ಅಂಚಿಗೆ ತನ್ವಿ ಕೆಂಪು ಟೇಪ್ ಅಂಟಿಸಿದಳು. ಮೊದಲು ಟೇಪನ್ನು ಹುಡುಕಬೇಕು, ಆಮೇಲೆ ಸಿನಿಮಾ. "ಟೇಪ್ ಸಿಕ್ತಾ?" ನಾನು. "ಈ ವಾರ್ಡನ್ ಕಾಟ ಸಾಕಪ್ಪಾ," ಇವರು. ಪ್ರತಿ ಭಾನುವಾರ ಅದೇ ನದಿ, ಅದೇ ದೋಣಿ. ನಾಲ್ಕು ಭಾನುವಾರವೂ ದೋಣಿ ಖಾಲಿಯೇ.

ಐದನೆಯ ಭಾನುವಾರ ಇವರ ಕುತ್ತಿಗೆ ನಿಧಾನವಾಗಿ ತಿರುಗಿತು. ಟೇಪಿನವರೆಗೂ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು.

"ಇದಾಳೆ ಕಣೇ."

ಇವರು ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆದ್ರೆ ಪುಸ್ತಕದಲ್ಲಿ ಇಷ್ಟು ಬಡಕಲಾಗಿಲ್ಲ. ಇವಳು ಹುಟ್ಟು ಹಾಕಿದ್ರೆ ದಡ ಸೇರಿದ ಹಾಗೇ."

ತನ್ವಿ ಬಿದ್ದು ಬಿದ್ದು ನಕ್ಕಳು.

ಪೂರ್ತಿ ಗುಣವಾಗಿಲ್ಲ. ದಣಿದಾಗ ಎಡಭುಜ ಇನ್ನೂ ಬಾಗಿಲಿಗೆ ತಾಗುತ್ತದೆ. ಆ ಥೆರಪಿಸ್ಟ್ ಹುಡುಗಿಗೂ, ತನ್ವಿಗೂ ಋಣಿ. ಎಲ್ಲೋ ದೂರದಲ್ಲಿ, ನಮ್ಮ ಪರಿಚಯವೇ ಇಲ್ಲದೆ, ಮುದುಕಿಯನ್ನು ಎಡಕ್ಕೆ ನಿಲ್ಲಿಸಿದ ಆ ನಿರ್ದೇಶಕನಿಗೂ.

ನಿನ್ನೆ ಬೆಳಿಗ್ಗೆ ರಸ್ತೆ ದಾಟುವಾಗ ನಾನು ಇವರ ಎಡಕ್ಕಿದ್ದೆ. ಬಲಗಡೆಯ ಹಾಲಿನ ಗಾಡಿಯನ್ನೇ ನೋಡುತ್ತ ಕಾಲು ಮುಂದಿಟ್ಟೆ. ಇವರ ಕೋಲು ಥಟ್ಟನೆ ನನ್ನ ಮುಂದೆ ಅಡ್ಡ ಬಂತು. ಎಡದಿಂದ ಬಂದ ಇ-ರಿಕ್ಷಾ ಸೆರಗಿಗೆ ಗಾಳಿ ಬೀಸಿ ಹೋಯಿತು.

"ಎರಡೂ ಕಡೆ ನೋಡ್ಕೊಂಡು ನಡೀಬಾರ್ದೇನೇ?" ಎಂದು ಗದರಿದರು.

"ತಪ್ಪಾಯ್ತು ರೀ," ಎಂದೆ.