ನೂರ ಇಪ್ಪತ್ತೆಂಟನೇ ಮಂಚ

ನಮ್ಮ ಆಫೀಸಿನಲ್ಲಿ ಜಾವಾ ಕೈಕೊಟ್ಟರೆ ಎಲ್ಲರೂ ಅಕ್ಕನ ಮೇಜಿಗೆ ಹೋಗುತ್ತಾರೆ. ಅವಳು ಯಾರ ಅಕ್ಕನೂ ಅಲ್ಲ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು. ನಾವು ಒಂದು ಆಸ್ಪತ್ರೆಗೆ ಜಾವಾ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುತ್ತೇವೆ. ಹನ್ನೊಂದು ವರ್ಷದಿಂದ ಅವಳೇ ಅದರ ಗಟ್ಟಿ ಗೋಡೆ. ಯಾರಾದರೂ ಅಳುಮುಖ ಹೊತ್ತು ಬಂದರೆ ತಲೆಯೆತ್ತದೆ, "ಎರರ್‌ನ ಮೊದಲನೇ ಸಾಲು ಜೋರಾಗಿ ಓದಿ," ಅನ್ನುತ್ತಾಳೆ. ಅರ್ಧ ಜನ ಓದುತ್ತಾ ಓದುತ್ತಾ ತಾವೇ ತಪ್ಪು ಕಂಡುಕೊಂಡು, ಥ್ಯಾಂಕ್ಸ್ ಕೂಡ ಹೇಳದೆ ವಾಪಸ್ ಹೋಗುತ್ತಾರೆ. ನಾನು ಪಕ್ಕದ ಮೇಜಿನವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು.

ಹೋದ ತಿಂಗಳು ಆಸ್ಪತ್ರೆಯವರು ಹೊಸ ವಾರ್ಡ್ ತೆರೆದರು. ಮರುದಿನವೇ ಫೋನ್ ಬಂತು. ನೂರ ಇಪ್ಪತ್ತೇಳನೇ ಮಂಚದವರೆಗೆ ಊಟದ ಚೀಟಿ ಸರಿಯಾಗಿ ಬರುತ್ತಿದೆ. ಅಲ್ಲಿಂದ ಮುಂದಿನವರು ಎರಡು ಹೊತ್ತಿನಿಂದ ಉಪವಾಸ. ಎರರ್ ಮಾತ್ರ ಎಲ್ಲೂ ಇಲ್ಲ.

ಹೊಸ ವಾರ್ಡನ್ನು ಪ್ರೋಗ್ರಾಂಗೆ ಸೇರಿಸಿದ್ದು ಮೇಷ್ಟ್ರು. ಗಣಿತ ಪಾಠ ಮಾಡುತ್ತಿದ್ದವರು, ಶಾಲೆ ಮುಚ್ಚಿದ ಮೇಲೆ ಜಾವಾ ಕಲಿತು ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಐವತ್ತು ದಾಟಿದವರಿಗೆ ಇನ್ನೊಂದು ಕೆಲಸ ಸಿಗುವುದು ಅಷ್ಟರಲ್ಲೇ ಇದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ಅವರದೇ ತಪ್ಪು ಅಂತ ನಾನು ಬರೆದುಕೊಟ್ಟೆ. ಮ್ಯಾನೇಜರ್ ಅವರನ್ನು ಕೆಲಸದಿಂದ ಬಿಡಿಸುವ ಪತ್ರ ಟೈಪ್ ಮಾಡಿಸಿದರು.

ಅಕ್ಕ ಊಟ ಬಿಟ್ಟು ಹುಡುಕಿದಳು. ರೋಗಿಯ ಮಂಚದ ನಂಬರೂ ಅಡುಗೆಮನೆ ಪಟ್ಟಿಯ ನಂಬರೂ ಒಂದೇನಾ ಅಂತ ನೋಡುವ ಸಾಲೊಂದಿತ್ತು. ಜಾವಾ ಇಂಥ ಪ್ರತಿ ನಂಬರನ್ನೂ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತದೆ. ಎರಡು ಡಬ್ಬಿಯೊಳಗೆ ಇರುವುದು ಒಂದೇನಾ ಅಂತ ಕೇಳುವ ಬದಲು ಆ ಸಾಲು, ಡಬ್ಬಿಯೇ ಒಂದೇನಾ ಅಂತ ಕೇಳುತ್ತಿತ್ತು. ನೂರ ಇಪ್ಪತ್ತೇಳರವರೆಗಿನ ಸಂಖ್ಯೆಗೆ ಜಾವಾ ಅದೇ ಹಳೇ ಡಬ್ಬಿ ಕೊಡುತ್ತದೆ. ಮೇಲಿನದಕ್ಕೆ ಪ್ರತಿ ಸಲ ಹೊಸದು, ಹಾಗಾಗಿ ನಂಬರ್ ಒಂದೇ ಆದರೂ ಬೇರೆ ಅಂತ ಚೀಟಿ ನಿಂತುಹೋಗಿತ್ತು. ಆಸ್ಪತ್ರೆ ಚಿಕ್ಕದಿದ್ದಷ್ಟು ದಿನ ತಪ್ಪು ಸರಿಯಾಗಿಯೇ ನಡೆದಿತ್ತು. ಸಾಲಿನ ಪಕ್ಕದಲ್ಲಿ ಬರೆದವರ ಹೆಸರಿತ್ತು. ಅಕ್ಕನದು.

"ಸುಮ್ನೆ ಸರಿ ಮಾಡಿಬಿಡಿ. ಹಳೇದನ್ನ ಯಾರು ಕೆದಕ್ತಾರೆ?" ಅಂದೆ.

"ಮೇಷ್ಟ್ರು ಮನೆಗೆ ಹೋಗ್ತಾರಲ್ಲ," ಅಂದು ಎದ್ದಳು.

ಮ್ಯಾನೇಜರ್ ಕೋಣೆಯ ಬಾಗಿಲು ತೆರೆದೇ ಇತ್ತು. "ನಿಮ್ದಾ? ಹಾಗಾದ್ರೆ ತಪ್ಪು ಅಂತ ಯಾಕೆ ಅಂತೀರಿ, ಜಾವಾದ್ದೇ ಏನೋ ಇರುತ್ತೆ," ಅಂದು ಅವರು ಪತ್ರ ಹರಿದುಹಾಕಿದರು. ಬೈದಿದ್ದರೂ ಅಕ್ಕನ ಮುಖ ಅಷ್ಟು ಸಣ್ಣಗಾಗುತ್ತಿರಲಿಲ್ಲ.

ಮೇಷ್ಟ್ರು ಆಗಲೇ ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಿದ್ದರು. ಅಕ್ಕ ಎಲ್ಲರಿಗೂ ಕೇಳುವ ಹಾಗೆ, "ಆ ಸಾಲು ನಾನು ಬರೆದಿದ್ದು. ತಪ್ಪು ನಂದು," ಅಂದಳು.

"ಗೊತ್ತು," ಅಂದರು ಮೇಷ್ಟ್ರು. "ಬೆಳಿಗ್ಗೆನೇ ನೋಡಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಇವರಿಗೆ." ಮೇಷ್ಟ್ರು ನನ್ನ ಕಡೆ ನೋಡಿದರು.

ಹೇಳಿದ್ದರು. "ಅಕ್ಕನ ಸಾಲಲ್ಲಿ ತಪ್ಪಿರಲ್ಲ ಮೇಷ್ಟ್ರೇ, ನಿಮ್ಮದನ್ನ ನೋಡ್ಕೊಳ್ಳಿ" ಅಂತ ಕಳಿಸಿದ್ದೆ. ಆ ಸಾಲನ್ನು ತೆರೆದೂ ನೋಡಿರಲಿಲ್ಲ. ಅಕ್ಕ ಅದನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು, "ಜೋರಾಗಿ ಓದಿ," ಅಂದಳು.